ನಡೆದಾಡುವ ಶಾರ್ಕ್

ಕೇಳುಗರಿಗೆಲ್ಲ ನಮಸ್ಕಾರ.

ಇಂಡೋನೇಷ್ಯಾದ ಪೂರ್ವಭಾಗದಲ್ಲಿ ಹಲ್ಮಹೆರಾ ಎಂಬ ದ್ವೀಪವಿದೆ. ಅದರ ಮಗ್ಗುಲಲ್ಲೇ ಇರುವುದು ಟೆರ್ನಾಟೆ, ಲವಂಗಕ್ಕಾಗಿ ಯುರೋಪಿನವರು ಒಂದು ಕಾಲಕ್ಕೆ ಕಾದಾಡಿದ ಪುಟ್ಟ ನೆಲ. ಅಲ್ಲಿನ ಹವಳದ ದಿಬ್ಬಗಳಲ್ಲಿ ಎರಡಡಿಗಿಂತ ತುಸು ಉದ್ದದ ಶಾರ್ಕ್ ಒಂದಿದೆ. ಕಂದು ಮೈ, ಎರಡು ಮೂರರ ಗುಂಪಿನಲ್ಲಿ ಕಡುಬಣ್ಣದ ಮಚ್ಚೆ, ನಡುನಡುವೆ ಬಿಳಿ ಬೊಟ್ಟು. ಈ ಶಾರ್ಕ್ ನಡೆಯುತ್ತದೆ.

ಉತ್ಪ್ರೇಕ್ಷೆಯಲ್ಲ. ಕತ್ತಲಾದ ಮೇಲೆ ಹವಳದ ಸಂದಿನಿಂದ ಹೊರಬಂದು, ಎದೆಯ ಎಡ ಈಜುರೆಕ್ಕೆಯನ್ನು ಮರಳಿಗೆ ಊರುತ್ತದೆ; ಹೊಟ್ಟೆಯ ಬಲ ರೆಕ್ಕೆಯಿಂದ ನೆಲವನ್ನು ಒತ್ತಿ, ಮೈ ಬಳುಕಿಸಿ ಮುಂದೆ ಸರಿಯುತ್ತದೆ. ಮರುಹೆಜ್ಜೆಗೆ ಬಲ, ಎಡ. ಥೇಟ್ ಗೋಡೆಯ ಮೇಲಿನ ಹಲ್ಲಿ. ಈಜಲು ಬಾರದೆಂದಲ್ಲ, ಬೆದರಿದರೆ ಈಜಿ ಪಾರಾಗುತ್ತದೆ.

ಇದಕ್ಕೆ ಆಸ್ಟ್ರೇಲಿಯಾದಲ್ಲೊಬ್ಬ ದಾಯಾದಿಯಿದ್ದಾನೆ. ಅವನ ಗಟ್ಟಿತನವೇ ಬೇರೆ. ಇಳಿತದ ಹೊತ್ತಿನಲ್ಲಿ ಹವಳದ ನಡುವೆ ನೀರು ಗುಂಡಿಗಳಾಗಿ ನಿಂತುಬಿಡುತ್ತದೆ. ರಾತ್ರಿಯಾದರೆ ಅದರಲ್ಲಿ ಆಮ್ಲಜನಕ ಬತ್ತುತ್ತದೆ. ಉಳಿದ ಮೀನುಗಳು ಒದ್ದಾಡುವಾಗ ಈತ ಎದೆಬಡಿತವನ್ನೂ ಉಸಿರಾಟವನ್ನೂ ತಗ್ಗಿಸಿಕೊಂಡು ತೆಪ್ಪಗಿರುತ್ತಾನೆ. ಪ್ರಯೋಗಾಲಯದಲ್ಲಿ, ಆಮ್ಲಜನಕವೇ ಇಲ್ಲದ ಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ತಾಳಿದ್ದೂ ಉಂಟು. ಬೇಕೆನಿಸಿದರೆ ನೀರಿಲ್ಲದ ಹವಳದ ಮೇಲೆ ತೆವಳಿ ಮುಂದಿನ ಗುಂಡಿಗೆ ಹೋಗುತ್ತಾನೆ.

ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಇಷ್ಟೆಲ್ಲ ನಡೆದರೂ ಇವು ದೂರ ಹೋಗುವುದಿಲ್ಲ ಎಂಬುದು. ಮೊಟ್ಟೆಯಿಡುವುದು ತಳದಲ್ಲಿ, ಮರಿ ಬೆಳೆಯುವುದು ಅಲ್ಲೇ. ಮೊಟ್ಟೆಯೊಡೆದ ಮರಿ ಅಲೆಗಳ ಮೇಲೆ ತೇಲಿ ಪರದೇಶ ಸೇರುವ ಸಂಭವವೇ ಇಲ್ಲ. ಎರಡು ದ್ವೀಪಗಳ ನಡುವಿನ ಆಳ ಕಡಲು ಇವುಗಳ ಪಾಲಿಗೆ ಕೋಟೆಗೋಡೆ. ಆಚೀಚೆ ಬೇರ್ಪಟ್ಟ ಕುಲಗಳು ಕಾಲಾಂತರದಲ್ಲಿ ಬೇರೆ ಬೇರೆ ಪ್ರಭೇದಗಳಾದವು. ಆಸ್ಟ್ರೇಲಿಯಾ, ನ್ಯೂಗಿನಿ, ಪೂರ್ವ ಇಂಡೋನೇಷ್ಯಾಗಳಲ್ಲಿ ಹರಡಿರುವ ಈ ಮನೆತನದಲ್ಲಿ ಈಗ ಒಂಬತ್ತು ಪ್ರಭೇದಗಳು. ಹಲ್ಮಹೆರಾದ್ದು ಒಂಬತ್ತನೆಯದು, 2013ರಲ್ಲಿ, ಕೇವಲ ಎರಡು ಮೀನುಗಳ ಆಧಾರದ ಮೇಲೆ ಹೆಸರು ಪಡೆದದ್ದು. ಶಾರ್ಕ್‌ಗಳು 40 ಕೋಟಿ ವರ್ಷಗಳ ಹಳೆಯ ವಂಶವಾದರೂ ಈ ನಡೆಯುವ ಮನೆತನ ಕವಲೊಡೆದು ಸುಮಾರು 90 ಲಕ್ಷ ವರ್ಷಗಳಷ್ಟೇ ಆಗಿವೆ. ಶಾರ್ಕ್‌ಗಳಲ್ಲೇ ಇವು ಎಳಸು.

ಅಂದ ಹಾಗೆ, 1858ರಲ್ಲಿ ಬ್ರಿಟನ್ನಿನ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ವಾಲೇಸ್ ಪ್ರಭೇದಗಳು ಹೇಗೆ ಕವಲೊಡೆಯುತ್ತವೆಂಬ ತನ್ನ ಪ್ರಬಂಧವನ್ನು ಡಾರ್ವಿನ್ನನಿಗೆ ಕಳುಹಿಸಿದ್ದು ಇದೇ ಟೆರ್ನಾಟೆಯಿಂದ. ಆತ ಹಕ್ಕಿ, ಚಿಟ್ಟೆಗಳ ಬೆನ್ನುಹತ್ತಿದ್ದ. ದಡದಾಚೆ ನಡೆಯುತ್ತಿದ್ದ ಈ ಸಾಕ್ಷಿ ಹೆಸರು ಪಡೆಯಲು ಇನ್ನೂ 155 ವರ್ಷ ಬೇಕಾಯಿತು.