5 ವೋಲ್ಟ್‌ನಿಂದ ಮೈನಸ್ 5 ವೋಲ್ಟ್: ಚಾರ್ಜ್ ಪಂಪ್ ಚಿಪ್ ಮಾಡುವ ಕೆಲಸ

[ಪರದೆಯಲ್ಲಿ: ಬ್ರೆಡ್‌ಬೋರ್ಡ್ ಮೇಲೆ ಎಂಟು ಕಾಲಿನ ಐಸಿ]

ಆಪ್-ಆಂಪ್ (ಸಿಗ್ನಲ್ ದೊಡ್ಡದು ಮಾಡುವ ಚಿಪ್, ಹಲವು ಸಲ ಇದಕ್ಕೆ ಮೈನಸ್ ವೋಲ್ಟೇಜೂ ಬೇಕು) ಸರ್ಕ್ಯೂಟ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೈಯಲ್ಲಿರುವುದು 5 ವೋಲ್ಟ್ ಸಪ್ಲೈ ಒಂದೇ. ಮೈನಸ್ 5 ವೋಲ್ಟ್ ಎಲ್ಲಿಂದ ತರುವುದು?

ಟ್ರಾನ್ಸ್‌ಫಾರ್ಮರ್ ಬೇಡ, ಕಾಯಿಲ್ ಬೇಡ. ಐಸಿಎಲ್7660 ಎಂಬ ಚಾರ್ಜ್ ಪಂಪ್ ಚಿಪ್ (ಚಾರ್ಜನ್ನು ಒಂದು ಕೆಪಾಸಿಟರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಚಿಪ್) ಮತ್ತು 10 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ ಸಾಕು.

[ಪರದೆಯಲ್ಲಿ: ನಾಲ್ಕು ಸ್ವಿಚ್‌ಗಳ ಚಿತ್ರ]

ಚಿಪ್ಪಿನೊಳಗೆ ನಾಲ್ಕು ಸ್ವಿಚ್ ಇವೆ. ಮೊದಲು ಎರಡು ಸ್ವಿಚ್ ಸೇರಿ ಒಂದು ಕೆಪಾಸಿಟರ್‌ಗೆ 5 ವೋಲ್ಟ್ ತುಂಬುತ್ತವೆ. ಈಗ ಅದನ್ನು ಟಾರ್ಚಿನ ಸೆಲ್ ಅಂದುಕೊಳ್ಳಿ. ಸೆಲ್ಲಿನ ಪ್ಲಸ್ ತುದಿಯನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ಇನ್ನೊಂದು ತುದಿ ಗ್ರೌಂಡ್‌ಗಿಂತ ಕೆಳಗೆ ಹೋಗಲೇಬೇಕು, ಅಲ್ವಾ? ಉಳಿದ ಎರಡು ಸ್ವಿಚ್ ಮಾಡುವುದು ಅಷ್ಟೇ. ಆ ಚಾರ್ಜನ್ನು ಎರಡನೇ ಕೆಪಾಸಿಟರ್ ಹಿಡಿದಿಟ್ಟುಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು 5,000 ಸಲ ಹೀಗೇ ನಡೆಯುತ್ತದೆ.

ಈ 5,000 ಹತ್ತಿರ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ವಿಚ್‌ಗಳಿಗೆ ತಾಳ ಹಾಕುವ ಒಳಗಿನ ಆಸಿಲೇಟರ್ 10 ಕಿಲೋಹರ್ಟ್ಸ್. ಸ್ವಿಚ್‌ಗಳು ಅದರ ಅರ್ಧ ವೇಗದಲ್ಲಿ, ಅಂದರೆ 5 ಕಿಲೋಹರ್ಟ್ಸ್‌ನಲ್ಲಿ ಓಡುತ್ತವೆ. ಅದು ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸದ್ದು! ಈ ಚಿಪ್ಪನ್ನು ಗಿಟಾರ್ ಪೆಡಲ್‌ಗೆ ಹಾಕಿದರೆ ಸಂಗೀತದ ಜೊತೆ ಸಣ್ಣಗೆ 'ಕುಂಯ್' ಅಂತ ಒಂದು ಸದ್ದೂ ನುಸುಳಬಹುದು. ಇದೇ ಕೆಲಸ ಮಾಡುವ ಇನ್ನೊಂದು ಚಿಪ್ ಮ್ಯಾಕ್ಸ್1044ರಲ್ಲಿ ಇದಕ್ಕೆ ಮದ್ದಿದೆ. ಅದರ 1ನೇ ಪಿನ್ ಬೂಸ್ಟ್. ಅದನ್ನು 8ನೇ ಪಿನ್ನಿನ ಸಪ್ಲೈಗೆ ಸೇರಿಸಿ. ವೇಗ ಸುಮಾರು ಆರು ಪಟ್ಟು ಏರಿ, ಸದ್ದು ಕಿವಿಗೆ ಎಟುಕದಷ್ಟು ಮೇಲೆ ಹೋಗುತ್ತದೆ. ಒಂದೇ ಒಂದು ತಂತಿ! ಆದರೆ ಸಾದಾ 7660ರಲ್ಲಿ ಆ ಪಿನ್‌ಗೆ ಯಾವ ಕೆಲಸವೂ ಇಲ್ಲ. ಅಂಗಡಿಯಲ್ಲಿ ನಂಬರ್ ನೋಡಿಯೇ ಕೊಳ್ಳಿ.

[ಪರದೆಯಲ್ಲಿ: ಮಲ್ಟಿಮೀಟರ್]

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಇದರಿಂದ ಜಾಸ್ತಿ ಕರೆಂಟ್ ಎಳೆಯಬೇಡಿ. ಔಟ್‌ಪುಟ್ ರೆಸಿಸ್ಟೆನ್ಸ್, ಅಂದರೆ ಔಟ್‌ಪುಟ್ ಕರೆಂಟ್‌ಗೆ ಚಿಪ್ಪೇ ಒಡ್ಡುವ ತಡೆ, ಸುಮಾರು 55 ಓಮ್. 20 ಮಿಲಿಆಂಪ್ ಎಳೆದರೆ ಮೈನಸ್ 5 ಇರಬೇಕಾದ ಕಡೆ ಮೈನಸ್ 3.9 ಮಾತ್ರ ಸಿಗುತ್ತದೆ. ಆಪ್-ಆಂಪ್‌ಗೆ ಸರಿ, ಹೆಚ್ಚು ಕರೆಂಟ್ ಬೇಡುವ ರಿಲೇಗೆ ಬೇಡ. ಸಪ್ಲೈ 10 ವೋಲ್ಟ್ ದಾಟಬಾರದು. ರೆಗ್ಯುಲೇಟರ್ ಇಲ್ಲದ ಹಳೆಯ 9 ವೋಲ್ಟ್ ಅಡಾಪ್ಟರ್ ಲೋಡ್ ಇಲ್ಲದಾಗ ಅದನ್ನು ಸುಲಭವಾಗಿ ದಾಟುತ್ತದೆ, ಚಿಪ್ ಸುಡುತ್ತದೆ. ಅಲ್ಲಿಗೆ ಎಲ್‌ಟಿ1054 ಹಾಕಿ. ಅದು 15 ವೋಲ್ಟ್, 100 ಮಿಲಿಆಂಪ್‌ವರೆಗೆ ತಾಳುತ್ತದೆ. ಪಿನ್‌ಗಳ ಕೆಲಸ ಮಾತ್ರ ಪೂರ್ತಿ ಒಂದೇ ಅಲ್ಲ, ಡೇಟಾಶೀಟ್ ನೋಡಿಕೊಳ್ಳಿ.

ಪವರ್ ಕೊಡುವ ಮುಂಚೆ ಔಟ್‌ಪುಟ್ ಕೆಪಾಸಿಟರ್ ಒಮ್ಮೆ ನೋಡಿ. ಔಟ್‌ಪುಟ್ ಮೈನಸ್ ಆದ್ದರಿಂದ ಅದರ ಪ್ಲಸ್ ಕಾಲು ಗ್ರೌಂಡ್‌ಗೇ ಹೋಗಬೇಕು.