ಅಮ್ಮನ ಜೊತೆ ಒಂದು ಹೊಳೆ ಸಂಜೆ: ಚಂದ್ರಗಿರಿ ಕೋಟೆಯಿಂದ ಕೋಟಪ್ಪುರಂ ದೋಣಿಗೆ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈಗ ನೀವು ಕೇಳುತ್ತಿರುವ ದನಿ ದೋಣಿಯಲ್ಲಿ ಮಾತಾಡಿದ್ದಲ್ಲ. ಅಲ್ಲಿ ಮಾತಾಡಿದ್ದೆಲ್ಲ ಗಾಳಿಗೆ ಹೋಯಿತು, ನಿಜವಾಗಿಯೂ ಗಾಳಿಗೇ. ಮೈಕಿಗೆ ಸಿಕ್ಕಿಸುವ ಆ ರೋಮದ ಟೊಪ್ಪಿ ಇದೆಯಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅಳಿವೆ ಕಡೆಯಿಂದ ಬೀಸಿದ ಗಾಳಿ ನನ್ನ ಎರಡು ಗಂಟೆಯ ರೆಕಾರ್ಡಿಂಗನ್ನು ಅಕ್ಕಿ ಮಿಲ್ಲಿನ ಶಬ್ದ ಮಾಡಿಟ್ಟಿತ್ತು. ಹಾಗಾಗಿ ಬದಿಯಡ್ಕದ ಹತ್ತಿರ ನಮ್ಮ ಮನೆಯ ಚಾವಡಿಯಲ್ಲಿ ಕೂತು, ವಿಡಿಯೋ ನೋಡುತ್ತಾ, ಈ ಮಾತು ಹಾಕುತ್ತಿದ್ದೇನೆ. ಹಿಂದೆ ಟಕ್ ಟಕ್ ಕೇಳಿದರೆ ಗಾಬರಿ ಬೇಡ. ಅಡಿಕೆ ಸುಲಿಯುತ್ತಿದ್ದಾರೆ. ಫೆಬ್ರವರಿಯಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಇದೇ ಹಿನ್ನೆಲೆ ಸಂಗೀತ.

ಇದು ಶುರುವಾದದ್ದು ಒಂದು ವಾಟ್ಸಾಪ್ ವಿಡಿಯೋದಿಂದ. ದುಬೈಯಲ್ಲಿರುವ ನೆಂಟರೊಬ್ಬರು ಬ್ಯಾಂಕಾಕಿಗೆ ಹೋಗಿ ಚಾವೋ ಫ್ರಾಯಾ ನದಿಯಲ್ಲಿ ಡಿನ್ನರ್ ಕ್ರೂಸ್ ಮಾಡಿ ಕಳಿಸಿದ್ದರು. ಎರಡೂ ದಡದಲ್ಲಿ ಝಗಮಗ, ಬಂಗಾರದ ಬಣ್ಣ ಬಳಿದ ಹಾಗೆ ದೇವಸ್ಥಾನಗಳು, ಮೇಜಿನ ಮೇಲೆ ಮೇಣದ ಬತ್ತಿ. ಅಮ್ಮ ಅದನ್ನು ಮೂರು ಸಲ ನೋಡಿದರು. ಆಮೇಲೆ ಕೇಳಿದರು, "ಇದಕ್ಕೆ ಅಲ್ಲಿವರೆಗೆ ಹೋಗಬೇಕಾ? ನಮ್ಮಲ್ಲಿ ಹೊಳೆ ಇಲ್ವಾ?"

ಉಂಟು. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳುಂಟು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಆದರೆ ನಮಗೆ ಹೊಳೆ ಅಂದರೆ ಏನು ಹೇಳಿ? ರೈಲಿನ ಕಿಟಕಿ. ಮಂಗಳೂರಿಂದ ಕಣ್ಣೂರಿಗೆ ಹೋಗುವಾಗ ಧಡಧಡ ಅಂತ ಸೇತುವೆ ಬರುತ್ತದೆ, ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ, ಮುಗೀತು. ನಾನು ಹುಟ್ಟಿ ಬೆಳೆದ ಜಿಲ್ಲೆಯ ಹೊಳೆಯಲ್ಲಿ ನಾನು ಒಮ್ಮೆಯೂ ದೋಣಿ ಹತ್ತಿರಲಿಲ್ಲ. ಅಮ್ಮ ಹತ್ತಿದ್ದರು, ಆದರೆ ಅದು ಊಟಕ್ಕಲ್ಲ, ಕಡವು ದಾಟಲಿಕ್ಕೆ.

ಸರಿ, ಇಲ್ಲಿ ಮೊದಲು ಕಾಣುತ್ತಿರುವುದು ಚಂದ್ರಗಿರಿ ಕೋಟೆ. ಸಂಜೆ ದೋಣಿಗೆ ಮುಂಚೆ ಸ್ವಲ್ಪ "ಸಿಟಿ ಟೂರ್" ಮಾಡೋಣ ಅಂತ ಮಧ್ಯಾಹ್ನವೇ ಬಂದೆವು. ಕಾಸರಗೋಡು ಪೇಟೆಯಿಂದ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಆಯಿತು. ಹದಿನೇಳನೇ ಶತಮಾನದ್ದು, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಬೇಕಲ ಕೋಟೆಗೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಇಲ್ಲಿ ನಾವು ಮೂವರು ಮತ್ತು ಒಂದು ಆಡು. ಮುರಕಲ್ಲಿನ ಗೋಡೆ, ಬಿಸಿಲಿಗೆ ಮುಟ್ಟಿದರೆ ದೋಸೆ ಕಾವಲಿ ಹಾಗೆ. ಆದರೆ ಬುರುಜಿನ ಮೇಲೆ ಹತ್ತಿ ನೋಡಿ! ಕೆಳಗೆ ಹೊಳೆ, ಆಚೆ ದಡದಲ್ಲಿ ತೆಂಗು ಒತ್ತೊತ್ತಾಗಿ ನಿಂತ ತಳಂಗರೆ, ಆಮೇಲೆ ಕಡಲು. ಮಾಲಿಕ್ ದೀನಾರ್ ಮಸೀದಿ ಇರುವುದು ಆ ತಳಂಗರೆಯಲ್ಲೇ. ನನ್ನ ಕ್ಯಾಮೆರಾ ಹಿಡಿಯುವ ಗೆಳೆಯನ ಊರೂ ಅದೇ. ಅವನ ಅಜ್ಜಿ ತಳಂಗರೆ ಟೊಪ್ಪಿ ಹೊಲಿಯುತ್ತಿದ್ದವರಂತೆ, ಬಿಳಿ ಬಟ್ಟೆಗೆ ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ. ಒಂದು ಕಾಲದಲ್ಲಿ ಗಲ್ಫಿಗೆ, ಆಫ್ರಿಕಕ್ಕೆ ಹೋಗುತ್ತಿದ್ದ ಟೊಪ್ಪಿ ಅದು. ಈಗ ಹೊಲಿಯುವವರು ಕೆಲವೇ ಮಂದಿ.

ಈ ಹೊಳೆ ಕೊಡಗಿನಲ್ಲಿ ಹುಟ್ಟಿ ಸುಳ್ಯಕ್ಕೆ ಬರುವಾಗ ಪಯಸ್ವಿನಿ, ಇಲ್ಲಿಗೆ ಬರುವಾಗ ಚಂದ್ರಗಿರಿ. ತುಳುನಾಡು ಇಲ್ಲಿಗೆ ಮುಗಿಯಿತು, ಮಲಯಾಳ ಸೀಮೆ ಶುರು ಅಂತ ಹಳಬರು ಹೇಳುವುದು ಈ ನೀರನ್ನೇ ತೋರಿಸಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಹೋದೆವಲ್ಲ, ಆಮೇಲೆ 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲಿಕ್ಕೆ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಬರೆಯಿತು. ಬರೆದದ್ದು ಅಲ್ಲೇ ಉಳಿಯಿತು. ನಮ್ಮ ಮನೆಯಲ್ಲಿ ಈ ವಿಷಯ ತೆಗೆದರೆ ಮಾವಂದಿರು ಊಟ ಬಿಟ್ಟು ಮಾತಾಡುತ್ತಾರೆ, ಹಾಗಾಗಿ ನಾನು ಅಮ್ಮನ ಕಡೆ ಕ್ಯಾಮೆರಾ ತಿರುಗಿಸಿದೆ. ಅವರು ಕೆಳಗೆ ಕೈ ತೋರಿಸಿ ಏನೋ ಹೇಳುತ್ತಿರುವುದು ಕಾಣ್ತದಲ್ವಾ? ಮೇಲೆ ಹೊಳೆಯ ಒಂದು ಕಡವಿನಲ್ಲಿ ಅವರು ಸಣ್ಣದಿರುವಾಗ ಅತ್ತೆ ಮನೆಗೆ ದೋಣಿಯಲ್ಲಿ ಹೋಗುತ್ತಿದ್ದ ಕಥೆ. ಮಳೆಗಾಲದಲ್ಲಿ ಕೆಂಪು ನೀರು ಬಂದರೆ ದೋಣಿಯವನು ಈ ದಡದಲ್ಲೇ ಕೂತು ಬೀಡಿ ಸೇದುತ್ತಿದ್ದನಂತೆ. ಎಷ್ಟು ಕೂಗಿದರೂ ಏಳುತ್ತಿರಲಿಲ್ಲವಂತೆ. ನೀರು ಇಳಿಯುವವರೆಗೆ ಅತ್ತೆಯೂ ಇಲ್ಲ, ಅತ್ತೆ ಮಾಡುವ ಹಲಸಿನ ಹಣ್ಣಿನ ಕೊಟ್ಟಿಗೆಯೂ ಇಲ್ಲ. ಕೊಟ್ಟಿಗೆ ಅಂದರೆ ದನದ್ದಲ್ಲ, ಕಡುಬು.

ಚಂದ್ರಗಿರಿಯಿಂದ ನೀಲೇಶ್ವರ 30 ಚಿಲ್ಲರೆ ಕಿಲೋಮೀಟರ್. ಹೆದ್ದಾರಿ ಕೆಲಸದ ಧೂಳು ತಿನ್ನುವುದು ಬೇಡ ಅಂತ ಕಾಸರಗೋಡು ಸ್ಟೇಷನ್ನಿಗೆ ವಾಪಸ್ ಬಂದು ಪ್ಯಾಸೆಂಜರ್ ರೈಲು ಹತ್ತಿದೆವು. ಅದೇ ಹೊಳೆ ಮತ್ತೆ ಸೇತುವೆಯಿಂದ, ಆಮೇಲೆ ಕಳನಾಡಿನ ಸುರಂಗ, ಕೋಟಿಕುಳಂ, ಬೇಕಲ, ಕಾಞಂಗಾಡು, ನೀಲೇಶ್ವರ. ಮಂಜೇಶ್ವರ, ಕುಂಬಳೆಯಲ್ಲಿ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಧಾರಾಳ ಕಾಣುತ್ತದೆ, ದಕ್ಷಿಣಕ್ಕೆ ಬಂದ ಹಾಗೆ ಅದು ತೆಳುವಾಗುತ್ತಾ ಹೋಗಿ ನೀಲೇಶ್ವರದಲ್ಲಿ ಎಲ್ಲ ಮಲಯಾಳ. ಸ್ಟೇಷನ್ನಿಂದ ಕೋಟಪ್ಪುರಕ್ಕೆ ಆಟೋ. ಹೌಸ್‌ಬೋಟುಗಳು ನಿಲ್ಲುವ ಕಡೆ.

ಇಲ್ಲಿ ಒಂದು ತಕರಾರು ಹೇಳಲೇಬೇಕು. ಫೋನಲ್ಲಿ ಬುಕ್ ಮಾಡಿದಾಗ ಆ ಏಜೆಂಟು "ಡಿನ್ನರ್ ಕ್ರೂಸ್, ಸಿಟಿ ಲೈಟ್ಸ್, ನಾಲ್ಕೂವರೆಗೆ ಹೊರಡ್ತದೆ" ಅಂತ ಹೇಳಿದ್ದ. ಹೊರಟದ್ದು ಐದೂ ಕಾಲಿಗೆ, ಯಾಕೆಂದರೆ ಇನ್ನೊಂದು ಗುಂಪು ಬರಬೇಕಿತ್ತು. ಇನ್ನೊಂದು ಗುಂಪು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಅವರ ಹತ್ತಿರ ಒಂದು ದೊಡ್ಡ ಬ್ಲೂಟೂತ್ ಸ್ಪೀಕರ್ ಇತ್ತು. ಅದರ ವಿಷಯ ಆಮೇಲೆ ಬರುತ್ತದೆ. ಇನ್ನು ಸಿಟಿ ಲೈಟ್ಸ್. ಮಾರಾಯ್ರೆ, ಎಲ್ಲಿಯ ಸಿಟಿ? ಈ ದಡದಲ್ಲಿ ತೆಂಗು, ಆ ದಡದಲ್ಲೂ ತೆಂಗು!

ಆದರೆ ದೋಣಿ ಚೆನ್ನಾಗಿತ್ತು. ಕೆಟ್ಟುವಳ್ಳಂ ಅನ್ನುತ್ತಾರೆ. ಕೆಟ್ಟು ಅಂದರೆ ನಮ್ಮ ಕಟ್ಟು, ವಳ್ಳಂ ಅಂದರೆ ದೋಣಿ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟುತ್ತಿದ್ದ ದೋಣಿ. ನೀರು ಕುಡಿಯಬಾರದು ಅಂತ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಮೊದಲು ಇದರಲ್ಲಿ ಅಕ್ಕಿ ಮೂಟೆ ಸಾಗಿಸುತ್ತಿದ್ದರು, ಲಾರಿ ಬಂದ ಮೇಲೆ ಅಕ್ಕಿ ಇಳಿಯಿತು, ನಾವು ಹತ್ತಿದೆವು. ಹಲಗೆ ಯಾವ ಮರದ್ದು ಅಂತ ಅಮ್ಮ ಕೇಳಿದಾಗ ದೋಣಿಯವರು "ಆಞಿಲಿ" ಅಂದರು. ಅಮ್ಮನಿಗೆ ಅರ್ಥ ಆಗಲಿಲ್ಲ. ಎಲೆ ಹೀಗೆ, ಕಾಯಿ ಮುಳ್ಳು ಮುಳ್ಳು ಅಂತ ಕೈಯಲ್ಲಿ ಮಾಡಿ ತೋರಿಸಿದ ಮೇಲೆ ಅಮ್ಮನ ಮುಖ ನೋಡಬೇಕಿತ್ತು, "ಓ, ಹೆಬ್ಬಲಸು! ನಮ್ಮ ತೋಟದ ಮೂಲೆಯಲ್ಲಿ ಉಂಟಲ್ಲ!" ಆಮೇಲೆ ದೋಣಿ ಅವರದ್ದೇ ಅನ್ನೋ ಹಾಗೆ ಕಂಬಕ್ಕೆಲ್ಲ ಕೈ ಹಾಕಿ ನೋಡುತ್ತಾ ಓಡಾಡಿದರು.

ಇದು ತೇಜಸ್ವಿನಿ ಹೊಳೆ. ಇದೂ ಕೊಡಗಿನ ಬೆಟ್ಟದಿಂದಲೇ ಇಳಿದು ಬರುವುದು. ಎಡಕ್ಕೆ ಕಾಣುತ್ತಿರುವುದು ಅಚ್ಚಾಂತುರುತ್ತಿ, ದೋಣಿ ಓಟಕ್ಕೆ ಹೆಸರು ಮಾಡಿದ ದ್ವೀಪ. ಇದೇ ಹೊಳೆಯಲ್ಲಿ ಮೇಲೆ ಹೋದರೆ ಕಯ್ಯೂರು. 1941ರಲ್ಲಿ ರೈತರ ಮೆರವಣಿಗೆಗೆ ಸಿಕ್ಕಿಕೊಂಡ ಒಬ್ಬ ಪೊಲೀಸಿನವನು ಈ ನೀರಿಗೆ ಹಾರಿ ಸತ್ತ, ಆ ಕೇಸಿನಲ್ಲಿ 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೆ ಹಾಕಿದರು. ಕನ್ನಡದವರಿಗೆ ಇದು ನಿರಂಜನರ ಕಾದಂಬರಿಯಿಂದ ಗೊತ್ತು. ಅವರು ಹೈಸ್ಕೂಲು ಓದಿದ್ದು ಇಲ್ಲೇ ನೀಲೇಶ್ವರದಲ್ಲಿ. ದೋಣಿ ನಡೆಸುವವರಿಗೆ ನಾನು ಇದನ್ನು ಹರಕು ಮಲಯಾಳದಲ್ಲಿ ಹೇಳಿದೆ, ಕನ್ನಡದಲ್ಲೂ ಕಯ್ಯೂರಿನ ಕಥೆ ಉಂಟು ಅಂತ. ಅವರು ಸ್ಟೀರಿಂಗ್ ಬಿಡದೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ನಮಗೆ ಎರಡನೇ ಸಲ ಚಹಾ ಬಂತು.

ಅಳಿವೆ ಹತ್ತಿರ ತಿರುಗಿ ದಕ್ಷಿಣಕ್ಕೆ ಹೊರಟರೆ ವಲಿಯಪರಂಬದ ಹಿನ್ನೀರು. ಉದ್ದಕ್ಕೆ ಒಂದು ಪಟ್ಟಿ ನೆಲ, ಅದರ ಆ ಕಡೆ ಕಡಲು, ಈ ಕಡೆ ಕಾಯಲು, ಅಂದರೆ ಈ ಹಿನ್ನೀರು. ಸೂರ್ಯ ಆ ಪಟ್ಟಿಯ ತೆಂಗುಗಳ ಹಿಂದೆ ಇಳಿಯುವುದನ್ನು ನಾನು ಹತ್ತೊಂಬತ್ತು ಸಲ ಶೂಟ್ ಮಾಡಿದ್ದೇನೆ, ಒಂದೇ ಹಾಕುತ್ತೇನೆ, ಸೂರ್ಯಾಸ್ತ ಎಲ್ಲ ಒಂದೇ ಥರ ಅಲ್ವಾ. ಅದಕ್ಕಿಂತ ಇದನ್ನು ನೋಡಿ. ನೀರಲ್ಲಿ ಸಾಲಾಗಿ ಬಿದಿರಿನ ಗೂಟ, ಅಡ್ಡ ಕಟ್ಟಿದ ಬಿದಿರು. ಚಪ್ಪರ ಹಾಕಿ ಮದುವೆಯನ್ನೇ ಮರೆತ ಹಾಗೆ. ಇದು ಕಲ್ಲುಮ್ಮಕ್ಕಾಯಿ ಅನ್ನುವ ಚಿಪ್ಪುಮೀನಿನ ಕೃಷಿ, ಮಂಗಳೂರು ಕಡೆ ಪಚ್ಚಿಲೆ ಅನ್ನುವುದು ಇದಕ್ಕೇ. ಪಡನ್ನ ಸುತ್ತಮುತ್ತ ಇದು ಜೋರು. ಮಳೆ ಮುಗಿದು ಕಾಯಲಿನ ನೀರು ಉಪ್ಪಾದ ಮೇಲೆ, ಉಗುರಿನಷ್ಟು ದೊಡ್ಡ ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹಳೇ ಹತ್ತಿ ಬಟ್ಟೆ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಕೆಲವೇ ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮತ್ತೆ ಮಳೆ ಬಂದು ನೀರು ಸಿಹಿಯಾಗುವ ಮುಂಚೆ ಎಳೆಯಬೇಕು. ಗೊಬ್ಬರ ಇಲ್ಲ, ಆಹಾರ ಹಾಕುವುದೂ ಇಲ್ಲ, ನೀರಲ್ಲಿ ಇದ್ದದ್ದನ್ನೇ ಸೋಸಿ ತಿಂದು ಬೆಳೆಯುತ್ತವೆ. ಒಬ್ಬರು ಸಣ್ಣ ದೋಣಿಯಲ್ಲಿ ಬಂದು ಒಂದು ಹಗ್ಗ ಎತ್ತಿ ತೋರಿಸಿದರು. ಕಪ್ಪು, ಅಂಚಿಗೆ ಮಾತ್ರ ಗಿಳಿ ಹಸಿರು, ಒಂದರ ಮೇಲೊಂದು ಒತ್ತಿಕೊಂಡು, ನೀರು ಸೋರುತ್ತಾ. ತೋಳಿನಷ್ಟು ದಪ್ಪ. ಬಾಯಿ ತೆರೆದಿದ್ದ ಒಂದೆರಡು ನಮ್ಮ ಕಣ್ಣೆದುರೇ ಟಪ್ ಅಂತ ಮುಚ್ಚಿದವು. ಅಮ್ಮ ಅದನ್ನು ಕಂಡು, "ಪಾಪ, ನಾಚಿಕೆ" ಅಂದರು. ಗೆಳೆಯ ಅದನ್ನೇ ಅರ್ಧ ಗಂಟೆಯ ನಂತರ ಮಸಾಲೆ ಹಾಕಿ ಹುರಿದು ತಿಂದ. ಅಮ್ಮ ಆ ಕಡೆ ನೋಡಲಿಲ್ಲ.

ಈಗ ಊಟ. ಕತ್ತಲಾಗುವ ಹೊತ್ತಿಗೆ ದೋಣಿ ಒಂದು ದಡಕ್ಕೆ ಬಂದು ನಿಂತಿತು. ಏನೋ ಕೆಟ್ಟಿದೆ ಅಂದುಕೊಂಡೆ. ಇಲ್ಲವಂತೆ, ಕತ್ತಲೆಗೆ ಮೀನಿನವರು ಬಲೆ ಬಿಡುತ್ತಾರೆ, ದೊಡ್ಡ ದೋಣಿ ಓಡಾಡಿದರೆ ಬಲೆ ಹರಿಯುತ್ತದೆ. ಹಾಗಾಗಿ ಊಟ ಕಟ್ಟಿಹಾಕಿದ ದೋಣಿಯಲ್ಲೇ. ಅಂದರೆ ಡಿನ್ನರ್ ಇತ್ತು, ಕ್ರೂಸ್ ಇತ್ತು, ಡಿನ್ನರ್ ಕ್ರೂಸ್ ಇರಲಿಲ್ಲ! ಇದನ್ನು ಏಜೆಂಟು ಮೊದಲೇ ಹೇಳಬಹುದಿತ್ತು. ದೋಣಿಯವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಸೆಲ್ಫಿಗಿಂತ ಅವರ ಬಲೆ ದೊಡ್ಡದು.

ಅಮ್ಮ ಹೊರಡುವಾಗಲೇ ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಂಡಿದ್ದರು, "ದೋಣಿಯಲ್ಲಿ ನಮಗೆ ಎಂಥ ಸಿಗ್ತದೆ" ಅಂತ. ಅಡಿಗೆಯವನು ಬಾಳೆಲೆ ಹಾಕುತ್ತಾ ಕೇಳಿದ, "ಅಮ್ಮಾ, ವೆಜ್ಜಾ? ಸ್ವಲ್ಪ ಹುಳಿ ಹಾಕ್ಲಾ?" ಅಚ್ಚ ಬೆಂಗಳೂರು ಕನ್ನಡ! ಆರು ವರ್ಷ ಬೆಂಗಳೂರಿನ ಒಂದು ಬೇಕರಿಯಲ್ಲಿ ಇದ್ದನಂತೆ, ದಿಲ್‌ಪಸಂದ್ ಮಾಡುವುದು ಅವನ ಕೆಲಸ. ಅಮ್ಮನ ಕನ್ನಡ ಕೇಳಿ ಅವನಿಗೆ ನಗು, "ನೀವು ಪುಸ್ತಕದ ಹಾಗೆ ಮಾತಾಡ್ತೀರಾ" ಅಂತ. ನಮ್ಮನ್ನು ಬೆಂಗಳೂರಲ್ಲಿ ಎಲ್ಲರೂ ಹೀಗೇ ಹೇಳುವುದು, ಈಗ ನೀಲೇಶ್ವರದಲ್ಲೂ ಕೇಳಿದ್ದಾಯಿತು. ಕುಚ್ಚಲಕ್ಕಿ ಅನ್ನ, ಸಾಂಬಾರು, ತೋರನ್, ಅವಿಯಲ್. ಅವಿಯಲ್ ಬಾಯಿಗಿಟ್ಟ ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ನಮ್ಮ ಮನೆಯ ಅವಿಲು ಇದೇ ಅಲ್ವಾ, ಮಜ್ಜಿಗೆ ಸ್ವಲ್ಪ ಜಾಸ್ತಿ ಬೇಕಿತ್ತು ಅಷ್ಟೇ. ಅದನ್ನು ಅವನಿಗೂ ಹೇಳಿದರು. ಅವನು ಅವಲಕ್ಕಿ ಡಬ್ಬಿ ಮುಚ್ಚಳ ತೆಗೆದು ಒಂದು ಮುಷ್ಟಿ ತಿಂದು, ಇದಕ್ಕೆ ಬೆಲ್ಲ ಜಾಸ್ತಿ ಆಯ್ತು ಅಂದ. ಲೆಕ್ಕ ಚುಕ್ತಾ.

ಸೊಳ್ಳೆ ಉಂಟು, ಹೋಗುವವರು ಓಡೋಮಾಸ್ ಮರೆಯಬೇಡಿ. ವಾಪಸ್ ರೈಲಿನ ಸಮಯ ನೋಡಿಟ್ಟುಕೊಳ್ಳಿ. ಬುಕ್ ಮಾಡುವಾಗ ದೋಣಿ ನಿಮ್ಮದು ಮಾತ್ರವಾ ಅಂತ ಎರಡು ಸಲ ಕೇಳಿ.

ಯಾಕೆಂದರೆ ಆ ಸ್ಪೀಕರ್. ಊಟ ಶುರುವಾದಾಗಿನಿಂದ ಡಬ್ ಡಬ್ ಅಂತ ಬಾರಿಸುತ್ತಲೇ ಇತ್ತು. ಒಂದು ಹಾಡು ಮುಗಿದು ಇನ್ನೊಂದು ಬರುವ ಆ ಎರಡು ಸೆಕೆಂಡಿನಲ್ಲಿ ಅಮ್ಮ ಕೈ ಎತ್ತಿದರು, "ಕೇಳಿ, ಎಲ್ಲೋ ಕೋಲ ಉಂಟು." ಆಚೆ ದಡದಿಂದ ಚೆಂಡೆ. ಅಡಿಗೆಯವನು ಹೊರಗೆ ಬಂದು ನೋಡಿ "ತೆಯ್ಯಂ" ಅಂದ, ನಮ್ಮ ಕೋಲದ ಹಾಗೆಯೇ ದೈವದ ಕುಣಿತ. ಯಾವುದೋ ಕಾವಿನಲ್ಲಿ, ಅಂದರೆ ದೈವದ ಬನದಲ್ಲಿ, ಕಳಿಯಾಟ್ಟ ಅನ್ನುವ ತೆಯ್ಯಂ ಉತ್ಸವ. ಅಲ್ಲಿ ತೆಂಗಿನ ಮರಗಳ ನಡುವೆ, ನೀರಿಗೆ ತೀರಾ ಹತ್ತಿರ, ಸೂಟೆಯ ಬೆಂಕಿ ಮೇಲೆ ಕೆಳಗೆ ಆಗುತ್ತಿತ್ತು. ಕೆಂಪಗೆ ಏನೋ ಒಂದು ತಿರುಗಿತು, ಮರೆಯಾಯಿತು, ಮತ್ತೆ ತಿರುಗಿತು. ಅದೇ ಕೆಂಪು ಕೆಳಗೆ ನೀರಲ್ಲೂ ಉದ್ದಕ್ಕೆ ಅಲ್ಲಾಡುತ್ತಿತ್ತು. ಆ ಗುಂಪಿನ ಒಬ್ಬ ಹುಡುಗ ಎದ್ದು ಹೋಗಿ ಸ್ಪೀಕರ್ ಆಫ್ ಮಾಡಿದ, ಯಾರೂ ಅವನಿಗೆ ಹೇಳಿರಲಿಲ್ಲ. ಅಮ್ಮ ಕುರ್ಚಿ ತಿರುಗಿಸಿ ಆ ಕಡೆಗೆ ಮುಖ ಮಾಡಿ ಕೂತರು.

ಸರಿಯಾಗಿ ಆಗಲೇ ನನ್ನ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಹಾಗಾಗಿ ಇಲ್ಲಿಂದ ಮುಂದೆ ಪರದೆ ಕಪ್ಪಾಗಿರುತ್ತದೆ, ನಿಮ್ಮ ಫೋನ್ ಹಾಳಾಗಿಲ್ಲ. ಅಷ್ಟು ಹೊತ್ತಿಗೆ ಗಾಳಿಯೂ ನಿಂತಿತ್ತು, ಗೆಳೆಯನ ಮೊಬೈಲಿನಲ್ಲಿ ಶಬ್ದ ಮಾತ್ರ ಸಿಕ್ಕಿದೆ, ಮೂರು ನಿಮಿಷ. ನಾನು ಬಾಯಿ ಮುಚ್ಚುತ್ತೇನೆ, ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಳ್ಳಿ. ನಡುವೆ ಸಣ್ಣಗೆ ಪಾತ್ರೆ ಸದ್ದು ಕೇಳುತ್ತದೆ, ಅದು ಅಡಿಗೆಯವನು ತೊಳೆಯುತ್ತಿರುವುದು.