ಹಟಮಾರಿ ನರಹುಲಿಗೆ ಜಂಟಿ ಚಿಕಿತ್ಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ನರಹುಲಿಯನ್ನು ಸುಡಿಸಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಎದ್ದಿತೆಂದು ಬೇಸರಪಡುವವರು ಬಹಳ ಮಂದಿ. ಹಾಗಾಗುವುದಕ್ಕೆ ಚಿಕಿತ್ಸೆ ಕೊಟ್ಟವರ ಅಜಾಗರೂಕತೆಗಿಂತ ವೈರಸ್ಸಿನ ಸ್ವಭಾವವೇ ಹೆಚ್ಚಾಗಿ ಕಾರಣ. ಎಚ್‌ಪಿವಿ ಎಂದು ಕರೆಯುವ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಚರ್ಮದ ಸಣ್ಣ ಗೀರಿನ ಮೂಲಕ ಒಳಹೊಕ್ಕು, ಮೇಲ್ಚರ್ಮದ ತಳದ ಜೀವಕೋಶಗಳಲ್ಲಿ ನೆಲೆಸುತ್ತದೆ. ಅದು ರಕ್ತಕ್ಕೆ ಇಳಿಯುವುದಿಲ್ಲ, ಉರಿಯೂತವನ್ನೂ ಅಷ್ಟಾಗಿ ಎಬ್ಬಿಸುವುದಿಲ್ಲ. ಆದ್ದರಿಂದ ದೇಹದ ರೋಗನಿರೋಧಕ ವ್ಯವಸ್ಥೆಗೆ ತಿಂಗಳುಗಟ್ಟಲೆ ಅದರ ಸುಳಿವೇ ಸಿಗದಿರಬಹುದು. ಕಣ್ಣಿಗೆ ಆರೋಗ್ಯವಾಗಿಯೇ ಕಾಣುವ ಸುತ್ತಲಿನ ಚರ್ಮದಲ್ಲಿಯೂ ವೈರಸ್ ಉಳಿದಿರಬಹುದು. ಮಕ್ಕಳಲ್ಲಿ ಬಹುಪಾಲು ನರಹುಲಿಗಳು ಸುಮಾರು 2 ವರ್ಷಗಳೊಳಗೆ ತಾವಾಗಿಯೇ ಉದುರಿಹೋಗುವುದು ಈ ವ್ಯವಸ್ಥೆ ತಡವಾಗಿಯಾದರೂ ಎಚ್ಚೆತ್ತುಕೊಳ್ಳುವುದರಿಂದ.

ಹೀಗಾಗಿ ಹಳೆಯ, ದಪ್ಪನಾದ ನರಹುಲಿಯನ್ನು ಬರಿದೇ ತೆಗೆದುಹಾಕಿದರೆ ಸಾಲದು, ನಿರೋಧಕ ಶಕ್ತಿಯನ್ನೂ ಅದರತ್ತ ತಿರುಗಿಸಬೇಕು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಜೋಡಿ ಸ್ಯಾಲಿಸಿಲಿಕ್ ಆಮ್ಲ ಮತ್ತು ಶೀತಚಿಕಿತ್ಸೆ. ಆಮ್ಲವು ಗಡುಸಾದ ಪದರವನ್ನು ತೆಳುವಾಗಿಸಿದ ಮೇಲೆ, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದ ತಂಪು ಸೋಂಕಿತ ಕೋಶಗಳವರೆಗೂ ತಲುಪಲು ಸುಲಭವಾಗುತ್ತದೆ; ಹೆಪ್ಪುಗಟ್ಟಿ ಒಡೆದ ಕೋಶಗಳಿಂದ ಏಳುವ ಉರಿಯೂತವು ನಿರೋಧಕ ಕೋಶಗಳನ್ನು ಅಲ್ಲಿಗೆ ಕರೆತರುತ್ತದೆ. ಸಾಮಾನ್ಯವಾಗಿ 2ರಿಂದ 3 ವಾರಗಳಿಗೊಮ್ಮೆ ಇದನ್ನು ಮಾಡುತ್ತಾರೆ. ಈ ಜೋಡಿಯೇ ಮೇಲೆಂದು ಎಲ್ಲ ಅಧ್ಯಯನಗಳೂ ಒಪ್ಪುವುದಿಲ್ಲವಾದರೂ, ಅಂಗಾಲಿನ ದಪ್ಪ ಚರ್ಮದಲ್ಲಿ ಇದರ ತರ್ಕ ಗಟ್ಟಿಯಾಗಿಯೇ ಇದೆ.

ನಡುವಿನ ವಾರಗಳಲ್ಲಿ ಮನೆಯಲ್ಲಿ ಮಾಡುವ ಆರೈಕೆಯನ್ನು ಕಡೆಗಣಿಸುವವರೇ ಹೆಚ್ಚು. ಶೀತದಿಂದಾದ ಗುಳ್ಳೆ ಒಣಗಿದ ಮೇಲೆ, ಪಾದವನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೆತ್ತಗಾದ ಪದರವನ್ನು ಅರದಿಂದ ಹಗುರವಾಗಿ ಉಜ್ಜಿ, ನರಹುಲಿಯ ಮೇಲಷ್ಟೇ ಆಮ್ಲವನ್ನು ಹಚ್ಚಬೇಕು. ಉಜ್ಜುವಾಗ ಕಾಣುವ ಕಪ್ಪು ಚುಕ್ಕೆಗಳನ್ನು ಜನ ನರಹುಲಿಯ ಬೇರುಗಳೆಂದು ತಿಳಿಯುತ್ತಾರೆ. ಅವು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ಆ ಅರವನ್ನು ಉಗುರಿಗಾಗಲೀ ಬೇರೆ ಚರ್ಮಕ್ಕಾಗಲೀ ಬಳಸಬಾರದು. ಬ್ಲೇಡಿನಿಂದ ತಾವೇ ಕೊಯ್ದುಕೊಳ್ಳುವುದನ್ನಂತೂ ಯಾವ ಕಾರಣಕ್ಕೂ ಒಪ್ಪಲಾಗದು.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ನರಹುಲಿಯೊಳಕ್ಕೇ ಚುಚ್ಚುಮದ್ದು ಕೊಡುವುದನ್ನು ಪರಿಗಣಿಸುತ್ತಾರೆ. ನಿರೋಧಕ ಶಕ್ತಿಯನ್ನು ಕೆರಳಿಸುವ, ಕ್ಯಾಂಡಿಡಾ ಎಂಬ ಶಿಲೀಂಧ್ರದ ಪ್ರತಿಜನಕವನ್ನು ಅಥವಾ ದಡಾರ, ಮಂಗನಬಾವು, ರುಬೆಲ್ಲಾಗಳ ವಿರುದ್ಧದ ಎಂಎಂಆರ್ ಲಸಿಕೆಯನ್ನು ಒಂದೇ ದೊಡ್ಡ ನರಹುಲಿಗೆ ಚುಚ್ಚಿದರೂ, ಕೆಲವರಲ್ಲಿ ದೂರದಲ್ಲಿರುವವೂ ಕರಗುತ್ತವೆ. ಎಚ್ಚೆತ್ತ ನಿರೋಧಕ ಶಕ್ತಿ ದೇಹದಲ್ಲೆಲ್ಲ ಹುಡುಕಾಟ ನಡೆಸುತ್ತದೆ. ಕ್ಯಾನ್ಸರಿಗೂ ಬಳಸುವ ಬ್ಲಿಯೋಮೈಸಿನ್ ಚುಚ್ಚುಮದ್ದು ಪ್ರಬಲವಾದದ್ದು, ಆದರೆ ನೋವು ಹೆಚ್ಚು, ಉಗುರಿನ ಬಳಿ ಕೊಟ್ಟರೆ ಉಗುರಿಗೇ ಹಾನಿಯಾಗಬಹುದು. ಕೋಶಗಳ ಬೆಳವಣಿಗೆಯನ್ನು ತಡೆಯುವ ಫ್ಲೂರೋಯುರಾಸಿಲ್ ಮುಲಾಮನ್ನು ಸ್ಯಾಲಿಸಿಲಿಕ್ ಆಮ್ಲದ ಜೊತೆ ಬಳಸುವುದೂ ಉಂಟು. ಗರ್ಭಿಣಿಯರಿಗೆ ಬ್ಲಿಯೋಮೈಸಿನ್, ಫ್ಲೂರೋಯುರಾಸಿಲ್ ಎರಡೂ, ಎಂಎಂಆರ್ ಲಸಿಕೆಯೂ ಸಲ್ಲದು.

ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು, ರಕ್ತಸಂಚಾರ ಕಡಿಮೆಯಿರುವವರು ವೈದ್ಯರನ್ನು ಕೇಳದೆ ಆಮ್ಲ ಮುಟ್ಟಬಾರದು. ಶೀತಚಿಕಿತ್ಸೆಯ ನಂತರ ಕಪ್ಪು ಮೈಬಣ್ಣದವರಲ್ಲಿ ಬಿಳಿಚಿದ ಕಲೆ ಬಹುಕಾಲ ಉಳಿಯಬಹುದೆಂಬುದನ್ನು ಮೊದಲೇ ತಿಳಿಸಬೇಕು. ವಯಸ್ಸಾದವರಲ್ಲಿ ಯಾವ ಚಿಕಿತ್ಸೆಗೂ ಜಗ್ಗದ, ರಕ್ತ ಒಸರುವ ಗಂಟು ಚರ್ಮದ ಕ್ಯಾನ್ಸರ್ ಆಗಿರಬಹುದಾದ್ದರಿಂದ ಅದರ ಚೂರೊಂದನ್ನು ಬಯಾಪ್ಸಿಗೆ ಕಳುಹಿಸುವುದು ಅಗತ್ಯ.

ಇನ್ನು ಚಿಕಿತ್ಸೆಯನ್ನು ನಿಲ್ಲಿಸುವುದು ಯಾವಾಗ ಎಂಬ ಪ್ರಶ್ನೆ. ನೋವು ಹೋದಾಗಲ್ಲ, ಉಬ್ಬು ತಗ್ಗಿದಾಗಲೂ ಅಲ್ಲ. ಚರ್ಮದ ಸಹಜ ಗೆರೆಗಳು ಆ ಜಾಗವನ್ನು ಮುರಿಯದೆ ಹಾದುಹೋಗುವುದು ಕಂಡಾಗ ಮಾತ್ರ ನಿಲ್ಲಿಸಬಹುದು.